ಕಣ್ಣಿಗೊತ್ತಿಕೊಂಡ ತುತ್ತು

“ಒಳಗೆ ಯಾರು ಏನು ಕೊಟ್ರೂ ಇಸ್ಕಬ್ಯಾಡ್ರಿ ಅಕ್ಕಾರೆ,” ಎಂದ ಚಿತ್ತಪ್ಪ. ಬೀಗದ ಕೈ ಅವನ ಬೆರಳುಗಳ ನಡುವೆಯೇ ಇತ್ತು, ಬೀಗಕ್ಕೆ ಇನ್ನೂ ತಾಗಿರಲಿಲ್ಲ. “ನೋಡ್ರಿ, ಫೋಟೋ ಹೊಡ್ಕಳ್ರಿ, ಮ್ಯಾಲೆ ಬರ್ರಿ. ಕೈ ಮಾತ್ರ ಚಾಚಬ್ಯಾಡ್ರಿ.”

ಸುಪ್ರಿಯಾ ಗಂಡನ ಕಡೆ ತಿರುಗಿ ನಕ್ಕಳು. “ಕೇಳಿದ್ರಾ? ಕೆಳಗೆ ಪಂಕ್ತಿ ಹಾಕ್ತಾರಂತೆ. ಬಾಳೆ ಎಲೆ ತರಬೇಕಿತ್ತು.”

“ನಗಬ್ಯಾಡ ಕಣೇ. ದೇವ್ರ ಜಾಗ,” ಎಂದು ಪರಮೇಶ್ ತಗ್ಗಿದ ದನಿಯಲ್ಲಿ ಗದರಿದ.

ಆಕೆ ಹೊಸದುರ್ಗದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಚಿತ್ರದುರ್ಗಕ್ಕೆ ವರ್ಗವಾಗಿ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಹೊರದೇಶದ ಯಾವುದೋ ಪುರಾತನ ನಗರದ ಚರ್ಚುಗಳನ್ನೂ ಅವುಗಳಡಿಯ ನೆಲಗೋರಿಗಳನ್ನೂ ಫೋನಿನಲ್ಲಿ ನೋಡಿದ್ದ ಅವಳಿಗೆ ಅಂಥದ್ದೊಂದನ್ನು ಕಣ್ಣಾರೆ ನೋಡುವ ಹುಚ್ಚು ಹಿಡಿದಿತ್ತು. ಅಲ್ಲಿಗೆ ಹೋಗುವ ಶಕ್ತಿ ಕಂಬಳಿ ಅಂಗಡಿಯ ಪರಮೇಶನಿಗೆಲ್ಲಿ? ಭಾನುವಾರಗಳಂದು ಬೈಕಿನಲ್ಲಿ ಸುತ್ತಿ ಹತ್ತಿರದ ಹಳೆಯ ಚರ್ಚುಗಳನ್ನೆಲ್ಲ ತೋರಿಸಿದ್ದ. ಕೊನೆಗೆ ಯಾರೋ ಹೇಳಿದರು, ಕೋಟೆಯ ಬೆನ್ನಿಗೆ, ಬಂಡೆಗಳ ಸಂದಿನಲ್ಲಿ, ಬಾಗಿಲು ಹಾಕಿರುವ ಒಂದು ಇಗರ್ಜಿ ಇದೆ, ಅದರಡಿ ಬಂಡೆ ಕೊರೆದು ಗೋರಿಗಳನ್ನು ಮಾಡಿದ್ದಾರೆ ಎಂದು.

ಅದನ್ನು ಕಾಯುತ್ತಿದ್ದವನು ಚಿತ್ತಪ್ಪ. “ಫಾದರ್ ಇರೋವಾಗ ಬಂದಿದ್ರೆ ಚಲೋ ಇತ್ತು,” ಎಂದು ಗೊಣಗಿದ. “ಅವರು ಪ್ರಾರ್ಥನೆ ಮಾಡ್ದೆ ಕೆಳಕ್ಕೆ ಇಳಿಯಲ್ಲ.”

“ಯಾಕಪ್ಪ? ಏನೈತೆ ಅಲ್ಲಿ?”

ಅವನು ಹೇಳಿದ. ಬರಗಾಲದ ಕಾಲದಲ್ಲಿ ಒಬ್ಬ ಹೆಂಗಸು ಈ ಬಾಗಿಲಿಗೆ ಬಂದಳು. ಅವಳದು ಮದ್ದಿನ ಕೈ. ಅನ್ನದಲ್ಲಿಟ್ಟು ಉಣ್ಣಿಸುವ ಮದ್ದು ಯಾರ ಕೈ ಸೇರಿತೋ ಅವರು ಅದನ್ನು ಇನ್ನೊಬ್ಬರಿಗೆ ಉಣಿಸಲೇಬೇಕು, ಇಲ್ಲವಾದರೆ ಅದು ಅವರ ಮನೆಯನ್ನೇ ತಿನ್ನುತ್ತದೆ. ಇಲ್ಲಿನ ಪಾದ್ರಿಗಳು ಅವಳಿಗೆ ಗಂಜಿ ಕೊಟ್ಟರು. ಗಂಜಿ ಹೊಯ್ದವರ ಬಾಯಿಗೆ ಮದ್ದು ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ತಾನೇ ನೆಲಮಾಳಿಗೆಗಿಳಿದು ಒಳಗಿನಿಂದ ಕಲ್ಲು ಅಡ್ಡ ಇಟ್ಟುಕೊಂಡಳು, ಹಸಿದು ಸತ್ತಳು.

“ಅವ್ಳು ಸತ್ಳು. ಕೈ ಸಾಯ್ಲಿಲ್ಲ,” ಎಂದ ಚಿತ್ತಪ್ಪ.

“ನಮ್ಮತ್ತೇನ ಕರ್ಕಂಡು ಬರಬೇಕಿತ್ತು. ಇಬ್ರೂ ಜೋಡಿ ಆಗ್ತಿದ್ರಿ,” ಎಂದಳು ಸುಪ್ರಿಯಾ. ನೆಲಮಾಳಿಗೆಯ ಬೀಗ ತೆರೆಯಿತು. ಪರಮೇಶ್ ತನಗೆ ಉಸಿರು ಕಟ್ಟುತ್ತದೆಂದು ಮೇಲೆಯೇ ನಿಂತ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಫೋನಿನ ಬೆಳಕು ಹಚ್ಚಿ ಇಳಿದಳು.

ಮೊದಲು ಬಂದದ್ದು ಬಾವಲಿ ಹಿಕ್ಕೆಯ ಘಾಟು. ಅದು ಅವಳಿಗೆ ಗೊತ್ತಿದ್ದ ವಾಸನೆಯೇ. ಅದರ ಹಿಂದೆ ಇನ್ನೊಂದಿತ್ತು: ಮುಚ್ಚಿಟ್ಟು ಮರೆತ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ, ಹಳಸಿ ನೂಲೆದ್ದ ಅನ್ನದ ಹುಳಿ. ಗೋಡೆ ಬೆವೆತಿತ್ತು. ಆತುಕೊಂಡ ಅಂಗೈಗೆ ಲೋಳೆ ಮೆತ್ತಿಕೊಂಡಿತು. ಎರಡೂ ಕಡೆ ಬಂಡೆಯಲ್ಲಿ ಕೊರೆದ ಗೂಡುಗಳು, ಒಂದರ ಮೇಲೊಂದು. ಕೆಲವಕ್ಕೆ ಕಲ್ಲಿನ ಮುಚ್ಚಳ, ಕೆಲವು ತೆರೆದ ಬಾಯಿ. ಬೆಳಕು ಬಿದ್ದ ಕಡೆ ಜಿರಳೆಗಳು ಚದುರಿದವು. ಚಿತ್ರ ತೆಗೆಯಲು ಅವಳು ಒಂದು ಗೂಡಿಗೆ ಮುಖವಿಟ್ಟಳು. ಶಿಲುಬೆಯ ಗುರುತು, ಸವೆದ ಅಕ್ಷರ.

ಬೆನ್ನ ಹಿಂದೆ ಮಡಕೆಯ ತಳ ಕೆರೆದ ಸದ್ದಾಯಿತು.

“ಚಿತ್ತಪ್ಪ, ಬಂದ್ಯಾ?” ಎಂದಳು, ತಿರುಗದೆ. ಪಕ್ಕದಿಂದ ಒಂದು ಕೈ ಮುಂದೆ ಬಂತು. ಕತ್ತಲಲ್ಲಿ ಕಂಡದ್ದು ಕೈ ಮಾತ್ರ, ಬೆರಳುಗಳ ತುದಿಯಲ್ಲಿ ಒಂದು ತುತ್ತು.

ಅವಳು ಯೋಚಿಸಲಿಲ್ಲ. ದೇವರನ್ನು ನಂಬದಿದ್ದರೂ ದಿನಾ ಬೆಳಿಗ್ಗೆ ಅತ್ತೆ ಏಕಾಂತಮ್ಮ ಪೂಜೆ ಮುಗಿಸಿ ಕೊಟ್ಟದ್ದನ್ನು ಇಸಿದುಕೊಂಡ ಕೈ ಅದು. ಚಿಕ್ಕಂದಿನಲ್ಲಿ ಎಡಗೈ ಚಾಚಿದ್ದಕ್ಕೆ ಅಜ್ಜಿಯಿಂದ ಏಟು ತಿಂದು ಪಳಗಿದ ಕೈ. ಫೋನು ಹಿಡಿದ ಎಡಗೈ ತಾನಾಗಿ ಕೆಳಗೆ ಹೋಯಿತು, ಅಂಗೈ ಗುಳಿಯಾಗಿ ಬಲಗೈ ಮೇಲೆ ಬಂತು. ತುತ್ತು ಬಿತ್ತು. ಎರಡು ಕಣ್ಣಿಗೂ ಒತ್ತಿಕೊಂಡಳು. ಬಾಯಿಗೆ ಹಾಕಿಕೊಂಡಳು.

ಬೆಚ್ಚಗಿತ್ತು. ಬೆಲ್ಲದ ಸಿಹಿ. ಆಮೇಲೆ ನಾಲಿಗೆಯಡಿ ಏನೋ ಎಳೆಯಾಗಿ ಬಿಚ್ಚಿಕೊಂಡಿತು. ಉಗುಳಬೇಕೆನ್ನುವಷ್ಟರಲ್ಲಿ ಅದು ತಾನೇ ತೆವಳಿಕೊಂಡು ಗಂಟಲಿಳಿಯಿತು.

ತಿರುಗಿದಳು. ಯಾರೂ ಇರಲಿಲ್ಲ. ಚಿತ್ತಪ್ಪ ಮೇಲೆ ಪರಮೇಶನ ಜೊತೆ ಕುರಿಯ ರೇಟಿನ ಬಗ್ಗೆ ಮಾತಾಡುತ್ತಿದ್ದುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅವಳು ಮೆಟ್ಟಿಲು ಹತ್ತಿ ಬಂದಾಗ ಚಿತ್ತಪ್ಪ ಅವಳ ತುಟಿಗೆ ಮೆತ್ತಿದ್ದ ಜಿಡ್ಡನ್ನು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದು, ಬೀಗವನ್ನೂ ಹಾಕದೆ, ಹಣೆಯಿಂದ ಎದೆಗೆ ಶಿಲುಬೆ ಗುರುತು ಎಳೆದುಕೊಂಡು ಇಗರ್ಜಿಯ ಒಳಗೆ ಓಡಿದ.

ಆ ವಾರ ಅನ್ನ ನಾರತೊಡಗಿತು. ಆಗಷ್ಟೇ ಬಸಿದ ಬಿಸಿ ಅನ್ನ, ಆಗಷ್ಟೇ ತೊಳಸಿದ ಮುದ್ದೆ, ಎಲ್ಲಕ್ಕೂ ಆ ಹಳಸಲು ವಾಸನೆ. ಒಂದು ತುತ್ತು ನುಂಗಿದರೆ ಎರಡು ತುತ್ತಿನಷ್ಟು ವಾಂತಿ. ವಾಂತಿಯಲ್ಲಿ ಕೂದಲು. ಅವಳ ಕೂದಲಲ್ಲ, ನರೆತ, ಮಾರುದ್ದದ ಕೂದಲು. ಪಾಠ ಹೇಳುತ್ತಿದ್ದಾಗಲೇ ನಾಲಿಗೆಯ ಬುಡದಲ್ಲಿ ಎಳೆ ಸಿಕ್ಕಿ, ಮಕ್ಕಳಿಗೆ ಬೆನ್ನು ತಿರುಗಿಸಿ ಎಳೆದಳು. ಎಳೆದಷ್ಟೂ ಬಂತು. ಅದರ ಜೊತೆ ಹೊಟ್ಟೆಯೊಳಗೆ ಯಾವುದೋ ಗಂಟು ಹೊರಳಿತು. ಸ್ಕ್ಯಾನ್ ಮಾಡಿದ ಡಾಕ್ಟರು ಏನೂ ಇಲ್ಲ, ಗ್ಯಾಸು ಎಂದರು. ಬಲಗೈಯನ್ನು ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಉಗುರ ಸಂದಿಯಿಂದ ಜಿಡ್ಡು ಒಸರುತ್ತಿತ್ತು.

ಏಕಾಂತಮ್ಮ ಸೊಸೆ ಕಕ್ಕಿದ್ದನ್ನು ಬೂದಿ ಹಾಕಿ ಬಳಿದಳು, ಬಳಿಯುವಾಗ ಆ ಕೂದಲುಗಳನ್ನು ನೋಡಿದಳು. “ನಮ್ಮ ಐಮಂಗ್ಲದಾಗೆ ಬರಗೇರಮ್ಮ ಅಂತ ಅದಾಳೆ. ಮದ್ದು ತೆಗೀತಾಳೆ. ನಿಂಗೆ ನಂಬ್ಕೆ ಇಲ್ದಿದ್ರೆ ಬ್ಯಾಡ, ನನ್ನ ಸಲುವಾಗಿ ಬಾರವ್ವ,” ಎಂದಳು.

ಬರಗೇರಮ್ಮನ ಮನೆಯ ಹಿಂದೆ ಕುರಿಹಟ್ಟಿ. ಏಕಾಂತಮ್ಮ ಸುಪ್ರಿಯಾಳ ಪುಟ್ಟ ಮಗಳು ನಾಗಶ್ರೀಯನ್ನೆತ್ತಿಕೊಂಡು ಹೊರಗೆ ಬೇವಿನ ಮರದಡಿ ಕುಂತಳು. ಒಳಗೆ ಬರಗೇರಮ್ಮ ಯಾವುದೋ ಸೊಪ್ಪಿನ ಕಹಿ ರಸವನ್ನು ಲೋಟ ತುಂಬ ಕುಡಿಸಿದಳು, ಬೆನ್ನಿಗೆ ಮೊಣಕಾಲು ಕೊಟ್ಟು ಹೊಟ್ಟೆ ಅಮುಕಿದಳು. ಸುಪ್ರಿಯಾಳ ಕಣ್ಣು ಕತ್ತಲಿಟ್ಟವು. ಕರುಳೇ ಬಾಯಿಗೆ ಬಂದಂತಾಯಿತು. ಮೊರದ ಬೂದಿಯ ಮೇಲೆ ಥಪ್ಪೆಂದು ಒಂದು ಉಂಡೆ ಬಿತ್ತು. ಹುಣಸೆಹಣ್ಣಿನ ಬಣ್ಣದ, ಲೋಳೆ ಸುತ್ತಿದ, ಕೂದಲು ಹೆಣೆದ ಉಂಡೆ. ಅದರೊಳಗೆ ಉಗುರುಗಳಿದ್ದವು. ಬೂದಿಯಲ್ಲಿ ಅದು ಒಮ್ಮೆ ಉಸಿರೆಳೆದುಕೊಂಡು ಸುಮ್ಮನಾಯಿತು.

“ಬಿತ್ತು. ನೀ ಬದುಕ್ದೆ,” ಎಂದಳು ಬರಗೇರಮ್ಮ. ಸುಪ್ರಿಯಾ ಅತ್ತಳು. ಸಂಚಿಯಿಂದ ತೆಂಗಿನಕಾಯಿ ತೆಗೆದು ಕೊಡಹೋದಳು. ಮುದುಕಿ ಗಕ್ಕನೆ ಹಿಂದಕ್ಕೆ ಸರಿದಳು.

“ಯಾವ ಕೈಲಿ ಇಸ್ಕಂಡಿದ್ದೆ?”

“ಇದೇ.”

“ಕಣ್ಣಿಗೆ ಒತ್ಕಂಡ್ಯಾ?”

“ಹೂಂ.”

“ಹೊಟ್ಟೇಲಿದ್ದಿದ್ದು ಹೋಯ್ತು ಕಣವ್ವ. ಕೈ ಮಾತ್ರ ಅದರದ್ದೇ ಆಗೈತೆ. ಕಾಯಿ ನೆಲದ ಮ್ಯಾಲಿಡು. ನನ್ನ ಕೈಗೆ ಕೊಡಬ್ಯಾಡ.”

ಸುಪ್ರಿಯಾ ಹಿಂದಿನ ಕುರಿಹಟ್ಟಿಯತ್ತ ನೋಡಿದಳು. “ಕುರಿಗೋ ನಾಯಿಗೋ ಹಾಕಿದ್ರೆ?”

“ಕುರಿ ಕಣ್ಣಿಗೊತ್ಕಂಡು ತಿಂತೈತೇನು? ನೀ ಹೆಂಗೆ ಇಸ್ಕಂಡ್ಯೋ ಹಂಗೇ ಇಸ್ಕಳ್ಳೋ ಬಾಯಿ ಬೇಕು. ಒಂದ್ಸಲ ಕೊಟ್ರೆ ನಿನ್ನ ಕೈ ಬಿಡ್ತೈತೆ. ಇಸ್ಕಂಡೋರ ಕೈಗೆ ಹೋಗ್ತೈತೆ.”

“ನಾನೂ ಕೊಡಲ್ಲ. ಆ ನೆಲಮಾಳಿಗೆಯ ಹೆಂಗ್ಸು ಯಾರಿಗೂ ಕೊಡ್ಲಿಲ್ಲ.”

“ಅವಳಿಗೆ ಮಕ್ಕಳಿದ್ವಾ?” ಬರಗೇರಮ್ಮ ಬಾಗಿಲಿನತ್ತ ನೋಡಿದಳು. ಹೊರಗೆ ಅಜ್ಜಿಯ ತೊಡೆಯ ಮೇಲೆ ನಾಗಶ್ರೀ ಯಾವುದಕ್ಕೋ ಕಿಲಕಿಲ ನಗುತ್ತಿತ್ತು. “ನೀ ಕೊಡ್ದಿದ್ರೆ ಮನೇಲಿ ಎಲ್ರಿಗಿಂತ ಚಿಕ್ಕ ಬಾಯಿ ಯಾವುದೈತೋ ಅದನ್ನ ಅದೇ ಹುಡ್ಕಂಡು ಹೋಗ್ತೈತೆ. ದೊಡ್ಡೋರು ನನ್ನ ತಾವ ಬಂದ್ರೆ ಒಂದೊಂದ್ಸಲ ಉಳೀತಾರೆ. ಸಣ್ಣ ಕೂಸಿನ ಹೊಟ್ಟೇಲಿ ಈ ರಸ ನಿಲ್ಲಲ್ಲ.”

ಇದನ್ನು ಯಾರಿಗೆ ಹೇಳುವುದು? ಪರಮೇಶ್ ಕಂಬಳಿ ಲೋಡಿಗೆಂದು ಚಿಕ್ಕಜಾಜೂರಿಗೆ ಹೋಗಿದ್ದ. ಹೇಳಲೂ ನಾಚಿಕೆ. ಜಗತ್ತನ್ನೇ ನೋಡಿ ನಗಾಡಿದ ಬಾಯಿ ಇದು. ಸುಪ್ರಿಯಾ ಬಲಗೈಗೆ ಬಟ್ಟೆ ಸುತ್ತಿ, ಸುಟ್ಟಿದೆ ಎಂದಳು. ಮಗುವಿಗೆ ಅಜ್ಜಿಯೇ ಉಣಿಸುವಂತೆ ಮಾಡಿದಳು. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದು ಕೂತು ಒಬ್ಬೊಬ್ಬರ ಬಾಯಿ ನೋಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಕೈ ಚಾಚಿದ ಭಿಕ್ಷುಕಿಯ ಮುಂದೆ ನಿಂತಳು. ಆಕೆ ತುತ್ತಿಗಾಗಿ ಬೊಗಸೆ ಎತ್ತಿದಾಗ ಸುಪ್ರಿಯಾ ಹೇಸಿ ಓಡಿ ಬಂದಳು. ಹೇಸಿದ್ದು ಆಕೆಗಲ್ಲ.

ಸೋಮವಾರ ಸಂಜೆ. ಏಕಾಂತಮ್ಮ ದಿನವಿಡೀ ಉಪವಾಸವಿದ್ದು ದೀಪ ಹಚ್ಚುತ್ತಿದ್ದಳು. ಅಡುಗೆಮನೆಯಲ್ಲಿ ಸುಪ್ರಿಯಾ ಎಡಗೈಯಿಂದ ಪಾಯಸ ಕೆದಕುತ್ತಿದ್ದಳು. ಅವಳಿಗದು ಕೀವಿನಂತೆ ನಾರುತ್ತಿತ್ತು.

ಬಲಗೈಯ ಬಟ್ಟೆ ಒದ್ದೆಯಾಯಿತು. ಗಂಟು ಸಡಿಲವಾಯಿತು. ಬಟ್ಟೆ ಕೆಳಗೆ ಬಿತ್ತು.

ಕೈ ಅವಳ ಮಾತು ಕೇಳಲಿಲ್ಲ. ಪಕ್ಕದಲ್ಲಿ ಬಡಿಸಿಟ್ಟಿದ್ದ ಅನ್ನದ ತಟ್ಟೆಗೆ ಇಳಿಯಿತು. ಬೆರಳುಗಳು ಅನ್ನ ಕಲಸಿದವು. ಮೃದುವಾಗಿ, ಮುದ್ದಿನಿಂದ, ಅವ್ವ ಕಲಸುವ ಹಾಗೆ. ಉಗುರ ಸಂದಿನಿಂದ ಜಿಡ್ಡು ಇಳಿದು ಅನ್ನಕ್ಕೆ ಬೆರೆಯಿತು. ತುತ್ತು ಕಟ್ಟಿತು.

“ಅವ್ವಾ.”

ಬಾಗಿಲಲ್ಲಿ ನಾಗಶ್ರೀ.

“ಅವ್ವಾ, ಹಸಿವು. ನೀ ಉಣ್ಸು.”

“ಹೋಗು ಪುಟ್ಟಿ. ಆಚೆ ಹೋಗು.”

ಮಗು ಹೋಗಲಿಲ್ಲ. ಅಜ್ಜಿ ಕಲಿಸಿದಂತೆ ಎರಡೂ ಕೈ ಜೋಡಿಸಿ ಚಾಚಿತು. ಕೈ ಮುಂದೆ ಸರಿಯಿತು. ಸುಪ್ರಿಯಾ ಎಡಗೈಯಿಂದ ಮಣಿಕಟ್ಟು ಹಿಡಿದಳು. ಜಾರಿತು. ಲೋಳೆ. ತನ್ನ ಬಾಯಿಗೇ ತುರುಕಿಕೊಳ್ಳಲು ಬಗ್ಗಿದಳು. ಕೈ ದೂರ ಸರಿಯಿತು. ಮಗುವಿನ ಬೊಗಸೆ ಹತ್ತಿರವಾಯಿತು. ಇನ್ನೂ ಹತ್ತಿರ. ಪುಟ್ಟ ಬಾಯಿ ತೆರೆಯಿತು. ಹಾಲುಹಲ್ಲುಗಳು ಕಂಡವು.

“ಅತ್ತೇ!”

ಏಕಾಂತಮ್ಮ ಒಳಗೆ ಬಂದಳು. ಹಣೆಯಲ್ಲಿ ವಿಭೂತಿ. “ಏನವ್ವ? ಯಾಕ್ ಹಂಗೆ ಕಿರುಚ್ತಿ?”

ಒಂದು ಕ್ಷಣ. ಎಲ್ಲಾ ಹೇಳಿಬಿಡಬಹುದಿತ್ತು. ಮಗೂನ ಎತ್ಕಂಡು ಓಡ್ರಿ ಎನ್ನಬಹುದಿತ್ತು. ಆ ಮಾತು ನಾಲಿಗೆಯ ಮೇಲಿತ್ತು. ಹೊರಬಿದ್ದದ್ದು ಬೇರೆ.

“ಅತ್ತೆ, ಪ್ರಸಾದ. ದೇವಸ್ಥಾನಕ್ಕೆ ಹೋಗಿದ್ದೆ. ಮೊದ್ಲು ನೀವು ತಗಳ್ರಿ.”

ಮುದುಕಿಯ ಮುಖ ಅರಳಿತು. “ನೀನಾ? ದೇವಸ್ಥಾನಕ್ಕಾ?” ಅವಳ ಕಣ್ಣು ತುಂಬಿ ಬಂದವು. “ನನ್ ಸ್ವಾಮಿ ಕಣ್ಬಿಟ್ಟ ಕಣವ್ವ.” ಮೊಮ್ಮಗಳನ್ನು ಪಕ್ಕಕ್ಕೆ ಸರಿಸಿ, ಸೆರಗು ತಲೆಗೆಳೆದುಕೊಂಡು, ಎಡಗೈ ಮೇಲೆ ಬಲಗೈಯಿಟ್ಟು ಚಾಚಿದಳು.

ಕೈ ತಿರುಗಿತು. ಅದನ್ನು ತಿರುಗಿಸಿದ್ದು ಮದ್ದೋ ತಾನೋ, ಸುಪ್ರಿಯಾಳಿಗೆ ಚೆನ್ನಾಗಿ ಗೊತ್ತಿತ್ತು. ತಾನೇ.

ಏಕಾಂತಮ್ಮ ತುತ್ತನ್ನು ಎಡಗಣ್ಣಿಗೊತ್ತಿಕೊಂಡಳು. ಬಲಗಣ್ಣಿಗೊತ್ತಿಕೊಂಡಳು. ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಒಸಡಿನಲ್ಲಿ ನಿಧಾನಕ್ಕೆ ಜಗಿದಳು. ತುಟಿಯ ಅಂಚಿಗೆ ಒಂದು ನರೆಗೂದಲು ಬಂತು. ಪ್ರಸಾದದಲ್ಲಿ ಕೊರತೆ ಎಣಿಸಬಾರದೆಂದು ಅದನ್ನೂ ಒಳಗೆಳೆದುಕೊಂಡು ನುಂಗಿದಳು.

ಸುಪ್ರಿಯಾಳ ಬಲಗೈ ಹಗುರಾಯಿತು. ಬೆರಳುಗಳು ಒಣಗಿದವು. ಒಲೆಯ ಮೇಲಿಂದ ಏಲಕ್ಕಿ ತುಪ್ಪದ ಘಮ ಮೂಗಿಗೆ ಬಂತು, ಎಷ್ಟೋ ದಿನಗಳ ಮೇಲೆ ಬರೀ ಪಾಯಸದ ಘಮ. ಅವಳಿಗೆ ಹಸಿವಾಯಿತು. ಬಾಯಲ್ಲಿ ನೀರೂರಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ವಾಕರಿಕೆ ಬಂತು. ಆದರೂ ಹಸಿವು ಹೋಗಲಿಲ್ಲ.

“ಬಲು ರುಚಿ ಐತೆ ಕಣವ್ವ,” ಎಂದು ಏಕಾಂತಮ್ಮ ಅಂಗೈ ನೆಕ್ಕಿದಳು. ಆ ಅಂಗೈ ಜಿಡ್ಡಿನಿಂದ ಹೊಳೆಯುತ್ತಿತ್ತು. “ನೀ ಕೈ ಸುಟ್ಕಂಡಿದ್ದೀಯ, ಕುಂತ್ಕ. ಇವತ್ತು ಕೂಸಿಗೆ ನಾನೇ ಉಣ್ಣುಸ್ತೀನಿ.”

ನಾಗಶ್ರೀ ಅಜ್ಜಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಕೈ ಜೋಡಿಸಿ ಚಾಚಿತು.