ಇಂದು ಮಾಬೂಬಿ ಗೈರು

ಆ ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ಆಸ್ಪತ್ರೆಯ ಪಡಸಾಲೆಯ ಗೋಡೆಗೆ ಮೂರು ತಿಂಗಳ ಹಿಂದೆ ಕೂರಿಸಿದ್ದ ಬೂದು ಪೆಟ್ಟಿಗೆ ಮೊದಲ ಸಲ ಬಾಯಿಬಿಟ್ಟಿತು. "ಇಂದು ಮಾಬೂಬಿ ಗೈರು" ಎಂದಿತು.

ಮಾಬೂಬಿ ಅಲ್ಲೇ ಬಕೆಟ್ ಹಿಡಿದು ನಿಂತಿದ್ದರು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನಗದವರು ಇಬ್ಬರೇ: ಯಂತ್ರವನ್ನು ರೂಪಿಸಿದ ವಿಜ್ಞಾನಿ ತ್ರಿವೇಣಿ ಮೆಣಸಿನಕಾಯಿ, ಮತ್ತು ಆಸ್ಪತ್ರೆಯ ಮುಖ್ಯಸ್ಥರಾದ ಡಾ. ಪ್ರಭುಲಿಂಗ ಅಂಗಡಿ. ತಮ್ಮ ಹೆಸರೇ ಬರುತ್ತದೆಂದು ಅಂಗಡಿಯವರು ಅಂದು ಹೊಸ ಕೋಟು ಹಾಕಿಕೊಂಡು ಬಂದಿದ್ದರು, ಪಾಪ.

ಅದು ೨೦೬೧ನೇ ಇಸವಿ. ಮಲಪ್ರಭೆಯ ದಂಡೆಯ ಆ ಸಹಕಾರಿ ಆಸ್ಪತ್ರೆಯಲ್ಲಿ ಆಪತ್ತು ಎದುರಿಸಲೆಂದೇ ಮುನ್ನೂರ ನಲವತ್ತು ಪುಟಗಳ ಕೈಪಿಡಿ ಇತ್ತು. ಮೊದಲ ಪುಟದಲ್ಲಿ ಅಂಗಡಿಯವರ ಫೋಟೋ. ವರ್ಷಕ್ಕೊಮ್ಮೆ ಅಣಕು ತಾಲೀಮೂ ನಡೆಯುತ್ತಿತ್ತು. ಯಾವ ದಿನ ಎಷ್ಟು ಗಂಟೆಗೆ ಬೆಂಕಿ ಬೀಳುತ್ತದೆ ಎಂಬ ಸುತ್ತೋಲೆ ವಾರ ಮೊದಲೇ ಹೊರಡುತ್ತಿತ್ತು, ಗಾಯಾಳುಗಳು ಮನೆಯಿಂದಲೇ ಬ್ಯಾಂಡೇಜು ಸುತ್ತಿಕೊಂಡು ಬರುತ್ತಿದ್ದರು. ಮುಗಿದ ಮೇಲೆ ಎಲ್ಲರಿಗೂ ಉಪ್ಪಿಟ್ಟು, ಶಿರಾ. ಶಿರಾ ಚೆನ್ನಾಗಿರುತ್ತಿತ್ತು ಎಂಬುದನ್ನು ಒಪ್ಪಲೇಬೇಕು.

ತ್ರಿವೇಣಿಯವರ ಯಂತ್ರದ ರೀತಿಯೇ ಬೇರೆ. ಅದು ಮೂರು ತಿಂಗಳು ಸುಮ್ಮನೆ ಗಮನಿಸುತ್ತದೆ: ಯಾರು ಯಾರಿಗೆ ಕರೆ ಮಾಡುತ್ತಾರೆ, ತೊಂದರೆಯಾದರೆ ಜನ ಯಾವ ಬಾಗಿಲಿಗೆ ಓಡುತ್ತಾರೆ, ಯಾವ ಕೆಲಸ ಒಬ್ಬರ ಕೈಯಲ್ಲೇ ಉಳಿದಿದೆ. ಮಾತುಗಳನ್ನು ಕದ್ದು ಕೇಳುವುದಿಲ್ಲ. ಹೋಗಿಬರುವ ದಾರಿಗಳನ್ನಷ್ಟೇ ಜೋಡಿಸಿ ನಕ್ಷೆ ಮಾಡುತ್ತದೆ. ಆ ನಕ್ಷೆಯಿಂದ ಯಾರನ್ನು ಅಳಿಸಿದರೆ ಸಂಸ್ಥೆ ಕುಸಿಯುತ್ತದೋ ಅವರ ಹೆಸರು ಹೇಳುತ್ತದೆ. ಹೆಸರು ಬಂದವರು ಫೋನನ್ನು ಅದೇ ಪೆಟ್ಟಿಗೆಯೊಳಗೆ ಹಾಕಿ, ದಿನವಿಡೀ ಪಡಸಾಲೆಯ ಹಳದಿ ಕುರ್ಚಿಯಲ್ಲಿ ಬಾಯಿಮುಚ್ಚಿ ಕೂರಬೇಕು. ಉಳಿದವರು ಅವರಿಲ್ಲದೆ ಕೆಲಸ ನಡೆಸಿ ತೋರಿಸಬೇಕು.

"ನಿಮ್ಮ ಯಂತ್ರ ತಪ್ಪೇತ್ರೀ ಮೇಡಂ. ಅಕಿ ನೀರಿನ ಖೋಲಿ ನೋಡ್ಕೊಳ್ಳಾಕಿ" ಎಂದರು ಅಂಗಡಿ.

"ತಪ್ಪಿದ್ರ ಸಂಜೀಕ ಗೊತ್ತಾಗ್ತದ್ರೀ. ಒಂದು ದಿನ ನೋಡೋಣು."

ನೀರಿನ ಖೋಲಿಯೆಂದರೆ ಡಯಾಲಿಸಿಸ್ ವಿಭಾಗಕ್ಕೆ ನೀರು ಶುದ್ಧಿಯಾಗುವ ಕೋಣೆ. ಮೂತ್ರಪಿಂಡ ಸೋತವರ ರಕ್ತವನ್ನು ಒಮ್ಮೆ ತೊಳೆಯಲು ನೂರು ಲೀಟರಿಗೂ ಹೆಚ್ಚು ನೀರು ಬೇಕು. ನಾವು ಕುಡಿಯುವ ನೀರನ್ನು ಕಾಪಾಡುವ ಕ್ಲೋರಿನ್, ಡಯಾಲಿಸಿಸ್ ಯಂತ್ರದ ನೀರಿನಲ್ಲಿ ಉಳಿದರೆ ರಕ್ತಕಣಗಳನ್ನೇ ಒಡೆಯುತ್ತದೆ. ಇದ್ದಿಲಿನ ಶೋಧಕ ಅದನ್ನು ತಡೆಯುತ್ತದೆ, ಆದರೆ ಒಂದು ಮಿತಿಯವರೆಗೆ. ಅಂದು ಒಂಬತ್ತು ಗಂಟೆಗೆ ಹನ್ನೆರಡು ಜನರ ಸರದಿಯಿತ್ತು. ಮೊದಲ ಮಂಚದಲ್ಲಿ ಗದಿಗೆಪ್ಪ, ನಿವೃತ್ತ ಬಸ್ ಚಾಲಕರು, ಹನ್ನೊಂದು ವರ್ಷಗಳಿಂದ ಬರುತ್ತಿದ್ದವರು.

ಎಂಟು ನಲವತ್ತಕ್ಕೆ ಪೆಟ್ಟಿಗೆಯೊಳಗಿನ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಮೂರನೆಯ ಸಲಕ್ಕೆ ಮಾಬೂಬಿ ಎದ್ದರು.

"ಸಾಹೇಬ್ರ, ಆ ಫೋನು..."

"ನೀವು ಇವತ್ತ ಇಲ್ಲ! ಕುಂದರ್ರಿ." ನಿಯಮ ಪಾಲಿಸುವುದರಲ್ಲಿ ಅಂಗಡಿಯವರನ್ನು ಮೀರಿಸುವವರಿರಲಿಲ್ಲ.

"ನಾ ಇಲ್ಲಂದ್ರ ಇಲ್ಲರೀ. ಆದ್ರ ಫಕೀರಪ್ಪ ಅದಾನಲ್ರೀ! ಊರಿಗೆ ನೀರ ಬಿಡಾಂವ, ಈ ಹೊತ್ತಿಗೆ ನನಗ ಫೋನ್ ಮಾಡಾಂವ ಅವನೊಬ್ಬನ. ಮೂರ ಸಲ ಮಾಡ್ಯಾನಂದ್ರ ನೀರಿಗೆ ಏನೋ ಆಗೇತಿ."

ತ್ರಿವೇಣಿ ಎಲ್ಲರ ಮುಖ ನೋಡಿದರು. "ಇವರು ಖರೇನ ಬಂದಿರಲಿಲ್ಲಂದ್ರ ಈ ಫೋನು ಯಾರ ಎತ್ತತಿದ್ರಿ?"

ಒಳಗೆ ಗದಿಗೆಪ್ಪನವರ ತೋಳಿಗೆ ಸೂಜಿ ಹಾಕಿಯಾಗಿತ್ತು. ತ್ರಿವೇಣಿ ತಮ್ಮದೇ ನಿಯಮ ಮುರಿದು ಪೆಟ್ಟಿಗೆ ತೆರೆದರು.

"ಎಲ್ಲಿ ಹೋಗೀಯವ್ವಾ!" ಫಕೀರಪ್ಪ ಆ ಕಡೆಯಿಂದ ಕೂಗಿದ. "ಪೈಪ್ ಒಡದು ಹೊಲಸು ಸೇರಿತ್ತು. ಬ್ಲೀಚಿಂಗ್ ನಾಕ ಪಟ್ಟು ಹಾಕೇವಿ. ಮಧ್ಯಾಹ್ನದ ತನಕಾ ನಿಮ್ಮ ಟಾಕಿಗೆ ನೀರ ತಗೋಬ್ಯಾಡ್ರಿ."

ಸಿಬ್ಬಂದಿಯ ಇಬ್ಬರು ನೀರಿನ ಖೋಲಿಗೆ ಓಡಿದರು. ಅಲ್ಲಿ ಕೊಳವೆಗಳ ನೀರು ಬಿಟ್ಟು ನಿಲ್ಲಿಸುವ ಎಂಟು ಚಕ್ರಗಳಿದ್ದವು. ಯಾವುದನ್ನು ತಿರುಗಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಹಿಂದಿನಿಂದ ಬಂದ ಮಾಬೂಬಿ ಮೂರನೆಯದನ್ನು ಬಿಗಿಯಾಗಿ ಮುಚ್ಚಿದರು. ಗೋಡೆಯ ಮೇಲಿದ್ದ ಕ್ಲೋರಿನ್ ಮಾಪಕ ಸೊನ್ನೆ ತೋರಿಸುತ್ತಿತ್ತು. ಅದು ಕೆಟ್ಟು ನಾಲ್ಕು ವರ್ಷವಾಗಿತ್ತು. ಮಾಬೂಬಿ ಎರಡು ಸಲ ಹೇಳಿದ್ದರು; ಆಮೇಲೆ ಕಾಗದದ ಪಟ್ಟಿ ಅದ್ದಿ ತಾವೇ ಪರೀಕ್ಷಿಸತೊಡಗಿದ್ದರು. ಅವರಿದ್ದುದರಿಂದ ಆ ಕೊರತೆ ಯಾರಿಗೂ ತಟ್ಟಿರಲಿಲ್ಲ. ಈಗಲೂ ಮಾಬೂಬಿ ಪಟ್ಟಿ ಅದ್ದಿ ನೋಡಿದರು: ಟಾಕಿಯಲ್ಲಿದ್ದ ಹಳೆಯ ನೀರು ಶುದ್ಧವಾಗಿತ್ತು, ಬೆಳಗಿನ ಸರದಿಗೆ ಸಾಕಾಗುವಷ್ಟಿತ್ತು.

"ಇಂಥಾದ್ದು ಎಷ್ಟ ಸಲ ಆಗೇತ್ರೀ?" ಎಂದು ಕೇಳುವಾಗ ಅಂಗಡಿಯವರ ದನಿ ಇಳಿದಿತ್ತು.

"ಎಣಿಸಿಲ್ರೀ. ಒಂಬತ್ತ ವರ್ಷದಾಗ ಮೂವತ್ತ ನಾಲವತ್ತ ಸಲ ಆಗಿರಬೇಕು."

ಅಂಗಡಿಯವರು ಎಲ್ಲರೆದುರು ಆಕೆಗೆ ಕೈಮುಗಿದರು. ಹಮ್ಮಿನ ಮನುಷ್ಯ ನಿಜ, ಆದರೆ ಆ ನಮಸ್ಕಾರದಲ್ಲಿ ಕಪಟವಿರಲಿಲ್ಲ. ಗದಿಗೆಪ್ಪ ಮಲಗಿದಲ್ಲಿಂದಲೇ ಆಕೆಯನ್ನು ಹತ್ತಿರ ಕರೆದರು. "ಮೂವತ್ತ ವರ್ಷ ಬಸ್ ಓಡಿಸಿದೆ. ಬ್ರೇಕ್ ನೋಡೋ ಮೆಕ್ಯಾನಿಕ್ಕನ ಹೆಸರ ಕೇಳಿಕೊಂಡೇ ಗಾಡಿ ಹತ್ತತಿದ್ದೆ. ಇಲ್ಲಿ ನನ್ನ ಜೀವಾ ಕಾಯಾಕಿ ಹೆಸರ ಒಂದ ದಿನಾನೂ ಕೇಳಲಿಲ್ಲ. ನಿನ್ನ ಉಪಕಾರ ಹ್ಯಾಂಗ ತೀರಿಸಲೇವ್ವಾ."

ಮಾಬೂಬಿಯ ಕಣ್ಣು ತುಂಬಿತು. ಆದರೆ ಮನಸ್ಸಿನಲ್ಲಿ ಬೇರೆಯೇ ಅಂಜಿಕೆ. ತ್ರಿವೇಣಿಯವರನ್ನು ಬದಿಗೆ ಕರೆದು ಕೇಳಿದರು: "ಮೇಡಂ, ನಾ ಇಲ್ಲದನೂ ನಡೀತದಂತ ಎಲ್ಲಾರೂ ಕಲತ್ರ, ನನ್ನ ನೌಕರಿ?"

"ಕಡೀಕ ರಜಾ ಯಾವಾಗ ತಗೊಂಡಿದ್ರಿ?"

ಮಾಬೂಬಿ ಯೋಚಿಸಿದರು. "ತಂಗಿ ಮಗಳ ಮದುವಿ ಬಿಜಾಪುರದಾಗ ಇತ್ತ್ರೀ. ಹೋಗಲಿಲ್ಲ. ಅವತ್ತ ಫಕೀರಪ್ಪನ ಫೋನ್ ಬಂದ್ರ ಅಂತ ಹೆದರಿಕಿ. ತಂಗಿ ಇನ್ನೂ ಮಾತಾಡೂದಿಲ್ಲ."

ತ್ರಿವೇಣಿ ಅಂದೇ ಸಂಜೆ ಅಂಗಡಿಯವರಿಂದ ಆದೇಶ ಬರೆಸಿಕೊಂಡರು: ಮಾಬೂಬಿ ಇನ್ನು ನೀರಿನ ಖೋಲಿಯ ತರಬೇತುದಾರರು, ನಾಲ್ವರಿಗೆ ಕಲಿಸಬೇಕು, ಮಾಪಕ ವಾರದೊಳಗೆ ಬದಲಾಗಬೇಕು, ನೀರಿನ ಕರೆಗೆ ಬೇರೆ ಫೋನು.

ಎರಡು ತಿಂಗಳ ಬಳಿಕ ಮಾಬೂಬಿ ಎಂಟು ದಿನ ಬಿಜಾಪುರಕ್ಕೆ ಹೋದರು. ಐದನೆಯ ದಿನ ಪೈಪು ಮತ್ತೆ ಒಡೆಯಿತು. ಆಕೆಯಿಂದ ಕಲಿತವರಲ್ಲೊಬ್ಬರು ನೀರಿನ ಖೋಲಿಯ ಫೋನನ್ನು ಮೊದಲ ಸಲಕ್ಕೇ ಎತ್ತಿ, ಸರಿಯಾದ ಚಕ್ರ ಮುಚ್ಚಿದರು. ಆ ಹೊತ್ತಿಗೆ ಮಾಬೂಬಿ ತಂಗಿಯ ಮನೆಯ ಅಡುಗೆಕೋಣೆಯಲ್ಲಿ ರೊಟ್ಟಿ ಬಡಿಯುತ್ತ ಆಕೆಯ ಬೈಗುಳ ಕೇಳುತ್ತಿದ್ದರು, ಸುಖವಾಗಿ.

ಮುಂದೆ ಆ ಯಂತ್ರ ಬ್ಯಾಂಕು, ಹಾಲಿನ ಡೇರಿ, ವಿದ್ಯುತ್ ಕೇಂದ್ರಗಳಿಗೆಲ್ಲ ಹೋಯಿತು. ಹತ್ತರಲ್ಲಿ ಒಂಬತ್ತು ಕಡೆ ಅದು ಮೊದಲು ಹೇಳಿದ ಹೆಸರು, ವರ್ಷಗಟ್ಟಲೆ ರಜೆ ಕೇಳದವರದ್ದಾಗಿತ್ತು. ತ್ರಿವೇಣಿ ಕಡೆಕಡೆಗೆ ತಾವೇ ನಗುತ್ತ ಹೇಳುತ್ತಿದ್ದರು, ಯಂತ್ರ ಕೊಳ್ಳುವ ಮೊದಲು ರಜೆಯ ಪುಸ್ತಕ ತೆಗೆದು ನೋಡಿ ಎಂದು.

ಆ ಬೂದು ಪೆಟ್ಟಿಗೆ ನಮ್ಮಲ್ಲಿಗೆ ಬರಲು ಇನ್ನೂ ಎಷ್ಟೋ ವರ್ಷಗಳಿವೆ. ರಜೆಯ ಪುಸ್ತಕ ಇವತ್ತೇ ಇದೆ. ಒಂದೂ ಗುರುತು ಬೀಳದ ಸಾಲು ಯಾರದೆಂದು ನೋಡಿ, ಅವರ ಹೆಸರು ಕೇಳಿ, ಕೈಮುಗಿದು, ಅವರ ಕೆಲಸವನ್ನು ನಾಲ್ಕು ಜನ ಕಲಿತುಕೊಂಡು, ಅವರನ್ನು ಎಂಟು ದಿನ ತಂಗಿಯ ಮನೆಗೆ ಕಳಿಸಬಹುದು.