ಒಗೆದ ಪಾಸ್‌ಪೋರ್ಟು

ವಾಷಿಂಗ್ ಮೆಷಿನ್ನಿನಿಂದ ತೆಗೆದ ಕಪ್ಪು ಕೋಟಿನ ಜೇಬಿಗೆ ಕೈ ಹಾಕಿದಾಗ ದಿಶಾಳ ಬೆರಳಿಗೆ ಪಾಸ್‌ಪೋರ್ಟು ಮುದ್ದೆಯಾಗಿ ಸಿಕ್ಕಿತು. ಫೋಟೋದಲ್ಲಿ ಮುಖವೇ ಇರಲಿಲ್ಲ.

ಇಲ್ಲಿಂದ ಒಂದು ತಾಸಿನ ದಾರಿಯ ಒಶಾವಾದಲ್ಲಿರುವ ಜಪಾನಿ ಕಂಪನಿಯ ಇಂಟರ್‌ವ್ಯೂಗೆ ಉಳಿದದ್ದು ಮೂರು ತಾಸು. ಅಲ್ಲಿ ಖಾಲಿ ಇರುವುದು ಒಂದೇ ಕೆಲಸ. ಅಸಲಿ ಪಾಸ್‌ಪೋರ್ಟ್ ಇಲ್ಲದವರನ್ನು ಗೇಟಿನೊಳಗೂ ಬಿಡುವುದಿಲ್ಲ. ಈ ಕೆಲಸ ತಪ್ಪಿದರೆ ಆರು ವಾರದಲ್ಲಿ ವರ್ಕ್ ಪರ್ಮಿಟ್ ಮುಗಿದು ಅವಳು ಈ ದೇಶ ಬಿಟ್ಟು ಊರಿಗೆ ವಾಪಸ್.

ಅದೇ ಕೆಲಸಕ್ಕೆ ಹೊರಟಿದ್ದ ರೂಮ್‌ಮೇಟ್ ಮಹಿಮಾ, ಬಟ್ಟೆ ಹಾಕಿದ್ದು ತಾನೇ ಎಂದು ಒಪ್ಪಿಕೊಂಡಳು.

"ಉಕ್ಕರಿ ಆಗೇದ ನೋಡು. ನನ್ನ ಪ್ಯಾಂಟ್ ಜೋಡಿ ನಿನ್ನ ಕೋಟೂ ಹಾಕಿದೆ. ಜೇಬು ನೋಡ್ಲಿಲ್ಲ."

ಉಕ್ಕರಿ—ಗಮನವಿಲ್ಲದೆ. ಇಂಟರ್‌ವ್ಯೂಗೆಂದು ಇಬ್ಬರೂ ಸೇರಿ ಬಾಯಿಪಾಠ ಮಾಡಿದ್ದ ಜಪಾನಿ ಪದ.

ಮಹಿಮಾಳ ಮಾತು ಕೇಳಿಸಿಕೊಳ್ಳುತ್ತಲೇ ಮನೆಯೊಡತಿ ರಾಜೇಶ್ವರಿ ಬೇಸ್‌ಮೆಂಟಿಗೆ ಇಳಿದು ಬಂದರು. ಮೂವತ್ತು ವರ್ಷ ಹೆಣ ಕೊಯ್ದು, ಸಾವಿನ ಕಾರಣ ಬರೆದು ನಿವೃತ್ತರಾದ ಡಾಕ್ಟರು. ಸಮಾಧಾನದ ಮಾತು ಅವರಿಗೆ ಬಾರದು.

"ಅಳೋದು ಆಮೇಲೆ. ನೆಗಡಿ ಎಷ್ಟು ದಿನದಿಂದ?" ಎಂದರು ದಿಶಾಳ ಕೆಂಪು ಮೂಗು ನೋಡಿ.

"ಮೂರು ದಿನ, ಆಂಟಿ."

"ಟಿಶ್ಯೂ ಎಲ್ಲಿ ಇಡ್ತೀಯಾ?"

"ಇದೇ ಜೇಬಲ್ಲಿ. ರಾಶಿ ಇತ್ತು. ಅದ್ರ ಜೊತೆಗೇ ಪಾಸ್‌ಪೋರ್ಟ್ ಇಟ್ಟಿದ್ದು."

ರಾಜೇಶ್ವರಿ ಕೋಟನ್ನು ಕೊಡವಿದರು. ಮಹಿಮಾಳ ಕಪ್ಪು ಪ್ಯಾಂಟನ್ನು ಬಲ್ಬಿನ ಬೆಳಕಿಗೆ ಹಿಡಿದರು.

"ಒಂದೇ ಒಂದು ಟಿಶ್ಯೂ ಮೆಷಿನ್ನಿಗೆ ಬಿದ್ರೂ ಕಪ್ಪು ಬಟ್ಟೆ ತುಂಬ ಬಿಳಿ ಚೂರು ಹತ್ತುತ್ತೆ. ಇಲ್ಲಿ ಒಂದು ಚುಕ್ಕೀನೂ ಇಲ್ಲ. ಜೇಬು ನೋಡದವಳು ಟಿಶ್ಯೂ ಹೇಗಮ್ಮ ತೆಗೆದೆ?"

ರಾಜೇಶ್ವರಿ ಕಸದ ಬುಟ್ಟಿ ಬಗ್ಗಿಸಿದರು—ಒಣ ಟಿಶ್ಯೂಗಳ ಉಂಡೆ.

"ಇಂಟರ್‌ವ್ಯೂಗೆ ಹಾಕ್ಕೊಳ್ಳೋ ಪ್ಯಾಂಟು ಕೆಡಬಾರದು ಅಂತ ಕೈ ತಾನಾಗಿ ಟಿಶ್ಯೂ ಎತ್ತಿಹಾಕ್ತು. ನೀನು ಯೋಚಿಸದೆ ಮಾಡಿದ್ದು ಅದೊಂದೇ. ಅದಕ್ಕೂ ನಿಮ್ಮ ಜಪಾನಿಯಲ್ಲಿ ಒಂದು ಪದ ಇರ್ಬೇಕಲ್ಲ?"

"ತ್ಸುಯಿ," ಎಂದಳು ದಿಶಾ. ತ್ಸುಯಿ—ಅರಿವಿಲ್ಲದೆ ಮಾಡಿಬಿಡುವುದು. ಬಾಯಿಪಾಠ ತಾನಾಗಿ ಹೊರಬಿದ್ದಿತ್ತು.

"ಪಾಸ್‌ಪೋರ್ಟನ್ನ ಒಳಗೇ ಬಿಟ್ಟದ್ದು ಮಾತ್ರ ಯೋಚಿಸಿ. ಬೇಕಂತಲೇ ಮಾಡಿದ್ದೀಯ, ಮಹಿಮಾ."

"ಹೌದ್ರಿ, ಮಾಡೀನಿ. ಇಕಿ ಜಪಾನಿ ನನಗಿಂತ ಚಲೋ ಮಾತಾಡ್ತಾಳ. ಮತ್ತೇನ್ ಮಾಡ್ಲಿ?"

"ಆಂಟಿ, ಕಂಪನಿಗೆ ಹೇಳಿ, ಪ್ಲೀಸ್—" ಎಂದು ದಿಶಾ ಅಂಗಲಾಚಿದಳು.

ರಾಜೇಶ್ವರಿ ಫೋನ್ ಮಾಡಿದರು. ಆ ಕಡೆಯ ಹೆಂಗಸು ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡಳು. ಸಾರಿ, ಪಾಸ್‌ಪೋರ್ಟ್ ಇಲ್ಲದೆ ಆಗದು, ಮನೆಯೊಳಗಿನ ಜಗಳ ಕಂಪನಿಗೆ ಸಂಬಂಧವಿಲ್ಲ ಎಂದಳು. ಇನ್ನೊಬ್ಬ ಅಭ್ಯರ್ಥಿ ಮಹಿಮಾ ಗೊತ್ತುಮಾಡಿದ ಹೊತ್ತಿಗೆ ಬಂದರೆ ಸಾಕು ಎಂದಳು.

"ಇವತ್ತೇ ರೂಮು ಖಾಲಿ ಮಾಡು," ಎಂದರು ರಾಜೇಶ್ವರಿ.

"ಮಾಡ್ತೀನ್ರಿ," ಎಂದಳು ಮಹಿಮಾ. "ಹೆಂಗೂ ಇನ್ನ ಒಶಾವಾದಾಗ ರೂಮು ಬೇಕಾಗ್ತದ."