ಬಸ್ಸಿನ ಮುಂದಿನ ಗಾಜು

"ಥಿನ್ನರ್ ಹಾಕಿ ಉಜ್ಜಿದ್ರಾ?"

"ಹೂಂ," ಅಂದ ಬಸ್ ಡ್ರೈವರ್, ತಲೆ ಕೆರೆದುಕೊಳ್ಳುತ್ತ.

ದಿನಾ ಬೆಳಿಗ್ಗೆ ಬಸ್ಸಿನ ಕನ್ನಡಿಯೊಳಗಿಂದ ಅವಳನ್ನು ಕದ್ದು ನೋಡುತ್ತಿದ್ದವನು ಇವತ್ತು ನೇರ ಅವಳ ಹಲ್ಲು ಕಟ್ಟುವ ಲ್ಯಾಬಿಗೇ ಬಂದಿದ್ದ. ಅಂಗೈಯಲ್ಲಿ, ಎರಡು ವರ್ಷದಿಂದ ಅವನು ಕಟ್ಟುತ್ತಿರುವ ಅವನದೇ ಬಸ್ಸಿನ ಪುಟ್ಟ ಮಾಡೆಲ್ಲಿನ ಮುಂದಿನ ಗಾಜು. ಗಾಜೆಂದರೆ ಹೆಸರಿಗೆ, ಇರುವುದು ಪ್ಲಾಸ್ಟಿಕ್ಕು. ಕೆಂಪು ಪೇಂಟಿನ ಹನಿ ಬಿತ್ತೆಂದು ಗಾಬರಿಯಾಗಿ ಉಜ್ಜಿದ್ದಾನೆ. ಬಣ್ಣದ ಜೊತೆ ಹೊಳಪೂ ಹೋಗಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿದೆ. ಅಂಥ ಕಿಟ್ ಈಗ ಎಲ್ಲೂ ಸಿಗುವುದಿಲ್ಲ. ಮಾಡೆಲ್ ಸ್ಪರ್ಧೆ ಈ ಭಾನುವಾರ.

"ನಾನು ಕಟ್ಟೋದು ಹಲ್ಲಿನ ಸೆಟ್ಟು. ಬಸ್ ರಿಪೇರಿ ಅಲ್ಲ."

"ಹಲ್ಲಿಗೆ ಹೊಳಪು ಕೊಡೋರಿಗೆ ಇದೇನು ಮಹಾ, ಮೇಡಂ? ಹೇಗೆ ಅಂತ ಹೇಳಿ ಸಾಕು, ನಾನೇ ಮಾಡ್ತೀನಿ. ಪೂರ್ತಿ ಒಬ್ಬರೇ ಮಾಡಿದ್ರೆ ಮಾತ್ರ ಬಹುಮಾನ."

ಹೇಳಿಕೊಟ್ಟಳು. ನೀರು ಹಾಕಿ ನಯವಾದ ಉಪ್ಪುಕಾಗದ, ಆಮೇಲೆ ಅದಕ್ಕಿಂತ ನಯವಾದದ್ದು, ಕೊನೆಗೆ ಪಾಲಿಶ್.

"ಮೆಲ್ಲಗೆ. ಅದು ಸ್ಟಿಯರಿಂಗ್ ಅಲ್ಲ."

"ನೀವು ಹಾಗೆ ನೋಡ್ತಿದ್ರೆ ಕೈ ನಡುಗದೆ ಇರತ್ತಾ?"

ಗಾಜು ಇನ್ನೇನು ಬಿರುಕು ಬಿಡಬೇಕು, ಅವಳೇ ಕಸಿದುಕೊಂಡಳು. ಒಂದು ಗಂಟೆ ತಲೆ ಎತ್ತಲಿಲ್ಲ. ಕೆಟ್ಟ ಕೆಲಸವನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನ ಅವಳದಲ್ಲ. ಊರಿನ ಅರ್ಧ ಜನ ಅವಳು ಮಾಡಿದ ಹಲ್ಲಿನಲ್ಲೇ ನಗುವುದು, ಹೊಗಳಿಕೆ ಮಾತ್ರ ಡಾಕ್ಟರಿಗೆ. ಹತ್ತು ವರ್ಷದಲ್ಲಿ ಅವಳ ಹೆಸರನ್ನು ಯಾರೂ ಕೇಳಿಲ್ಲ. ಅದರ ನೋವು ಅವಳಿಗಿತ್ತು.

"ನಾನು ಮುಟ್ಟಿದ್ದು ಯಾರಿಗೂ ಹೇಳ್ಬೇಡಿ," ಅಂದಳು ಗಾಜು ಕೊಡುತ್ತ. "ನಂಗೆ ಅಭ್ಯಾಸ ಇದೆ."

ಭಾನುವಾರ ತೀರ್ಪುಗಾರರು ಆ ಬಸ್ಸಿನ ಮುಂದೆ ಬಗ್ಗಿದವರು ಮೇಲೇಳಲೇ ಇಲ್ಲ. "ಗಾಜು ಇದೆ ಅಂತಲೇ ಗೊತ್ತಾಗಲ್ಲವಲ್ರೀ. ಮೊದಲನೇ ಬಹುಮಾನ ಇದಕ್ಕೇ ಅನ್ಸತ್ತೆ. ಹೇಗೆ ಮಾಡಿದ್ರಿ?"

ಬಾಗಿಲ ಹತ್ತಿರ ನಿಂತಿದ್ದ ಅವಳು ಸುಮ್ಮನಿರಿ ಎಂದು ಕಣ್ಣಲ್ಲೇ ಗದರಿದಳು. ಅವನು ನೆಟ್ಟಗೆ ಅವಳನ್ನೇ ನೋಡಿದ.

"ಗಾಜು ನನ್ನ ಕೆಲಸ ಅಲ್ಲ ಸರ್. ನಾನು ಕೆಡಿಸಿದ್ದೆ. ಸರಿ ಮಾಡಿದ್ದು ಅಗೋ, ಅವರು."

"ಹಾಗಾದ್ರೆ ಬಹುಮಾನ..."

"ಗೊತ್ತು ಸರ್."

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಎದೆ ತುಂಬಿ ಬಂದಿತ್ತು, ಹೆಮ್ಮೆಗೆ. ತನ್ನ ಬಗ್ಗೆ ಎಷ್ಟೋ, ಅವನ ಬಗ್ಗೆಯೂ ಅಷ್ಟೇ. ಹೋಗಿ ಅವನ ಪಕ್ಕದಲ್ಲಿ ನಿಂತಳು.

"ಎರಡು ವರ್ಷದ ಕೆಲಸ ನೀರಲ್ಲಿ ಹೋಮ ಮಾಡಿದ್ರಲ್ಲ."

"ನಿಮ್ಮ ಕೆಲಸ ನಂದು ಅಂತ ಹೇಳ್ಕೊಂಡು, ಆಮೇಲೆ ಯಾವ ಮುಖ ಇಟ್ಕೊಂಡು ನಿಮ್ಮನ್ನ ನೋಡ್ಲಿ? ನಂಗೆ ನಿಮ್ಮನ್ನ ನೋಡ್ಬೇಕು. ದಿನಾ. ರಜಾ ದಿನಾನೂ."

ತೀರ್ಪುಗಾರರು ಪೆನ್ನು ತೆಗೆದು ಮಾಡೆಲ್ಲಿನ ಮುಂದಿನ ಚೀಟಿ ಎತ್ತಿಕೊಂಡರು. "ನಿಮ್ಮ ಹೆಸರೇನಮ್ಮಾ? ಎಲ್ಲಿ ಬರೀಲಿ?"

ಅವಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳಿ, ಡ್ರೈವರ್ ಕಡೆ ಕೈ ತೋರಿಸಿದಳು.

"ಅವರ ಹೆಸರಿನ ಪಕ್ಕದಲ್ಲೇ ಬರೀರಿ, ಸರ್. ಒಂದೇ ಸಾಲಲ್ಲಿ."